ದಾವಲಸಾಬ ಕೆರೆದ ದೋಣಿ

ದಾವಲಸಾಬನ ಬಲಗೈ ಹೆಬ್ಬೆರಳಿನ ಉಗುರು ಉಳಿದವುಗಳಿಗಿಂತ ಅರ್ಧ ಇಂಚು ಉದ್ದ. ಯಾರ ಮನೆಗೆ ಹೋದರೂ ಹೊಸ್ತಿಲು ದಾಟುವ ಮೊದಲು ಆ ಉಗುರಿನಿಂದ ಬಾಗಿಲ ಚೌಕಟ್ಟನ್ನು ಒಮ್ಮೆ ಗೀರುತ್ತಿದ್ದ. ಉದುರಿದ ಬಣ್ಣದ ಪುಡಿಯನ್ನು ಬೆರಳ ತುದಿಯಲ್ಲಿ ತಿಕ್ಕಿ, ಮೂಸಿ ನೋಡಿಯೇ ಒಳಗೆ ಬರುತ್ತಿದ್ದ. ಹೊಸದಾಗಿ ಬಣ್ಣ ಹೊಡೆಸಿಕೊಂಡ ಮನೆಯವರಿಗೆ ಸಿಟ್ಟು ಬರುತ್ತಿತ್ತು. ಅವನಿಗೆ ಅದರ ಪರಿವೆಯೇ ಇರಲಿಲ್ಲ.

"ಬಣ್ಣ ಅಂದ್ರ ಅಂಗಿ ಇದ್ದಂಗ್ರಿ. ನಾ ಅಂಗಿ ಹರಿಯಾಕತ್ತಿಲ್ಲ, ಒಳಗ ಮೈ ಹ್ಯಾಂಗೈತಿ ಅಂತ ಕೇಳಾಕತ್ತೀನಿ" ಎನ್ನುತ್ತಿದ್ದ.

ರೋಣದ ಬಸ್‌ಸ್ಟ್ಯಾಂಡಿನ ಹಿಂದೆ ಅವನದೊಂದು ತಗಡಿನ ಶೆಡ್ಡು. ಟ್ರ್ಯಾಕ್ಟರಿನ ಟ್ರೇಲರು, ಅಂಗಡಿಯ ಬೋರ್ಡು, ಮದುವೆಯ ಟ್ರಂಕು, ಯಾವುದು ಬಂದರೂ ಬಣ್ಣ ಹಚ್ಚುತ್ತಿದ್ದ. ಐವತ್ತು ದಾಟಿದ ಸಣಕಲು ಆಳು. ಕಿವಿಯ ಹಿಂದೆ ಸದಾ ಒಂದು ತೆಳ್ಳನೆಯ ಬ್ರಶ್ಶು. ಕಲಿತದ್ದು ಉರ್ದು ಸಾಲಿಯಲ್ಲಿ ಮೂರನೆಯ ಇಯತ್ತೆ. ಕನ್ನಡ ಓದಲು ಬಾರದು, ಆದರೆ ಕನ್ನಡದ ಬೋರ್ಡು ಬರೆಯುವುದರಲ್ಲಿ ಅವನಷ್ಟು ಚೆಂದ ಬರೆಯುವವರು ಆ ಸುತ್ತಿನಲ್ಲಿ ಇರಲಿಲ್ಲ. ಅಕ್ಷರಗಳನ್ನು ಹಕ್ಕಿ, ಹೂವು ಬಿಡಿಸಿದಂತೆ ನೋಡಿ ಬಿಡಿಸುತ್ತಿದ್ದ. ಬರೆದು ಮುಗಿದ ಮೇಲೆ ದಾರಿಯಲ್ಲಿ ಹೋಗುವ ಯಾರನ್ನಾದರೂ ನಿಲ್ಲಿಸಿ, "ಇಲ್ಲಿ ಏನಂತ ಬರದೀನಿ, ಓದ್ರಿ ಸ್ವಲ್ಪ" ಎಂದು ಕೇಳುತ್ತಿದ್ದ. ಓದಿದವರ ಬಾಯಿಂದ ತನ್ನ ಅಕ್ಷರ ಹೊರಬಂದಾಗ ಮಗುವಿನಂತೆ ನಗುತ್ತಿದ್ದ.

ನಾನು ಅವನನ್ನು ಮೊದಲು ಕಂಡದ್ದು ನಮ್ಮ ಶಾಲೆಯಲ್ಲಿ. ನಮ್ಮೂರು ಮಲಪ್ರಭೆಯ ದಂಡೆಯ ಮೇಲಿದೆ. ಊರು ಈಚೆ, ಅರ್ಧ ಹೊಲಗಳು ಆಚೆ. ಅದೇ ಊರಿನ ಪ್ರಾಥಮಿಕ ಶಾಲೆಯಲ್ಲಿ ನಾನು ಮಾಸ್ತರ. ಶಾಲೆಯ ಗೋಡೆಯ ಮೇಲೆ ಕರ್ನಾಟಕದ ನಕಾಶೆ ಬರೆಯಲು ದಾವಲಸಾಬನನ್ನು ಕರೆಸಿದ್ದೆವು. ನಾಲ್ಕು ದಿನ ಕೂತು ಬರೆದ. ಕೊನೆಯ ಸಂಜೆ ನಾನು ಸುಮ್ಮನೆ ಮಾತಿಗೆ, ಹೊಳೆಯ ತಿರುವು ನಮ್ಮೂರಿನ ಹತ್ತಿರ ಒಂದು ಬೆರಳು ಆಚೆ ಹೋಗಿದೆ ಎಂದೆ. ಯಾರೂ ಗಮನಿಸುವುದಿಲ್ಲ, ಇರಲಿ ಬಿಡಿ ಎಂದೂ ಹೇಳಿದೆ. ಮರುದಿನ ಬೆಳಿಗ್ಗೆ ಶಾಲೆಗೆ ಬಂದು ನೋಡಿದರೆ ಅರ್ಧ ಗೋಡೆ ಕೆರೆದು ಬೋಳಾಗಿತ್ತು. ದಾವಲಸಾಬ ಏಣಿಯ ಮೇಲಿದ್ದ.

"ಹೊಳಿ ತಪ್ಪಿದ್ರ ಊರಽ ತಪ್ಪಿದಂಗಲ್ರಿ ಮಾಸ್ತರ್ರ. ನನಗ ರಾತ್ರಿ ಊಟ ಸೇರಲಿಲ್ಲ" ಎಂದ.

ಅವನ ಬಗ್ಗೆ ನಾನು ಮನಸ್ಸಿನಲ್ಲಿ ಕಟ್ಟಿಕೊಂಡ ಚಿತ್ರ ಇದೇ ಆಗಿತ್ತು. ಮುಂದಿನದನ್ನು ಹೇಳುವಾಗಲೂ ಈ ಚಿತ್ರವನ್ನು ಅಳಿಸಲು ನನಗೆ ಆಗುತ್ತಿಲ್ಲ.

ಆ ದಿನಗಳಲ್ಲಿ ನಮ್ಮೂರಿನಲ್ಲಿ ಮೊಬೈಲ್ ಸಿಗ್ನಲ್ಲು ಸಿಗಬೇಕಾದರೆ ಹನುಮಪ್ಪನ ಗುಡಿಯ ಮಾಳಿಗೆ ಹತ್ತಬೇಕಿತ್ತು. ಹೊಳೆ ದಾಟಲು ಬಾಂದಾರ ಎಂದು ಕರೆಯುವ ಸಣ್ಣ ಒಡ್ಡೊಂದಿತ್ತು. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಅದು ಮುಳುಗುತ್ತಿತ್ತು. ಆಚೆಯ ಹೊಲಕ್ಕೆ ಹೋಗಲು ದೋಣಿಯೊಂದೇ ದಾರಿ. ಮೊದಲು ಅಂಬಿಗರ ಯಮನಪ್ಪ ತನ್ನ ಹರಗೋಲಿನಲ್ಲಿ ದಾಟಿಸುತ್ತಿದ್ದ. ಅದು ಹಳತಾದಾಗ ನಮ್ಮಣ್ಣ ಈರಣ್ಣ ಎಲ್ಲಿಂದಲೋ ಬಂದ ದಲಾಲಿಯೊಬ್ಬನ ಕೈಯಿಂದ ಫೈಬರಿನ ದೋಣಿಯೊಂದನ್ನು ಕೊಂಡು ತಂದ. ನೀಲಿ ಬಣ್ಣದ, ಹೊಳೆಯುವ ದೋಣಿ. ಹತ್ತು ಹನ್ನೆರಡು ಮಂದಿ ಕೂರಬಹುದಿತ್ತು. ಊರೆಲ್ಲ ಬಂದು ಮುಟ್ಟಿ ನೋಡಿತು. ಹುಟ್ಟು ಹಾಕುವ ಕೆಲಸ ಯಮನಪ್ಪನಿಗೇ ಬಂತು. ಅವನು ಆ ದಸರೆಗೆ, ಗುಡಿಯ ಕಟಾಂಜನದ ಸರಳುಗಳಿಗೆ ಹಚ್ಚಿ ಉಳಿದ ಹಸಿರು ಬಣ್ಣವನ್ನು ಪ್ರೀತಿಯಿಂದ ದೋಣಿಗೂ ಬಳಿದ.

ಮರುವರ್ಷದ ಶ್ರಾವಣದಲ್ಲಿ ಆ ದೋಣಿ ನಡುಹೊಳೆಯಲ್ಲಿ ಮುಳುಗಿತು. ಐದು ಜನ ಇದ್ದರು. ನಾಲ್ವರು ಈಜಿ ದಂಡೆ ಸೇರಿದರು. ಈರಣ್ಣ ಮೂರನೆಯ ದಿನ ಕೆಳಗಿನ ಜಾಲಿಗಿಡಗಳ ಬೊಡ್ಡೆಯಲ್ಲಿ ಸಿಕ್ಕ. ದೋಣಿಯೂ ಅಲ್ಲೇ ಸಿಕ್ಕಿತು, ಕಲ್ಲಿಗೆ ಬಡಿದು ಮೈತುಂಬ ಗಾಯವಾಗಿ.

"ತಳದಾಗಿಂದ ಒಮ್ಮಿಗೇ ನೀರ ಬುಗ್ಗಿ ಹೊಡೀತ್ರಿ" ಎಂದು ಯಮನಪ್ಪ ಎಲ್ಲರ ಮುಂದೆ ಅತ್ತ. ಯಾರೂ ನಂಬಲಿಲ್ಲ. ಅವನು ಕುಡಿಯುವವನೆಂದು ಊರಿಗೆ ಗೊತ್ತಿತ್ತು. ಗುಡಿಯ ಕಟ್ಟೆಯ ಮೇಲೆ ಹಿರಿಯರು ಕೂಡಿದಾಗ, "ಕುಡದು ದೋಣಿ ನಡಿಸಿ ನಮ್ಮಣ್ಣನ ಕೊಂದಾನ" ಎಂದು ಮೊದಲು ಹೇಳಿದವನು ನಾನು. ಮಾಸ್ತರನ ಮಾತು, ಎಲ್ಲರೂ ತಲೆಯಾಡಿಸಿದರು. ಯಮನಪ್ಪ ಹೆಂಡತಿಯನ್ನು ಕರೆದುಕೊಂಡು ನರಗುಂದದ ಕಡೆ, ಶಿರೋಳದ ತಂಗಿಯ ಮನೆಗೆ ಹೋದ. ದೋಣಿಯನ್ನು ಎಳೆದು ತಂದು ನಮ್ಮ ಹಿತ್ತಿಲಿನ ಬೇವಿನ ಮರದ ಕೆಳಗೆ ಬೋರಲು ಹಾಕಿದೆವು. ಅವ್ವ ಎರಡು ವರ್ಷ ಹಿತ್ತಿಲ ಬಾಗಿಲು ತೆರೆಯಲಿಲ್ಲ.

ಎರಡು ವರ್ಷದ ನಂತರ ಊರಿನವರು ಬಂದು ಕೇಳಿದರು. ಆಚೆ ದಂಡೆಯ ಹೊಲಗಳಲ್ಲಿ ಪೀಕು ನಿಂತಿದೆ, ಹೊಸ ದೋಣಿಗೆ ದಾರಿಯಿಲ್ಲ, ಇದನ್ನೇ ದುರಸ್ತಿ ಮಾಡಿಸಿ ಬಣ್ಣ ಹಚ್ಚಿಸೋಣ ಎಂದರು. ಅವ್ವ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಪೇಂಟರು ಬೇಕೆಂದು ರೋಣದ ಸಂತೆಯಲ್ಲಿ ಒಂದಿಬ್ಬರಿಗೆ ಹೇಳಿ ಬಂದೆ. ಮರುದಿನವೇ ಮೊದಲ ಬಸ್ಸಿಗೆ ದಾವಲಸಾಬ ಬಂದಿಳಿದ.

ನಾನು ಸಂತೋಷದಿಂದ ಎದುರು ಹೋದೆ. ಅವನು ನನ್ನ ಮುಖ ನೋಡಲಿಲ್ಲ.

"ಮಾಸ್ತರ್ರ, ಈ ಕೆಲಸ ನನಗಽ ಕೊಡ್ರಿ. ಬ್ಯಾರೆಯವರಿಗೆ ಕೊಡಬ್ಯಾಡ್ರಿ. ಕೈಮುಗೀತೀನಿ."

"ಕೈ ಯಾಕ ಮುಗೀತೀರಿ ಸಾಬ್ರ? ನೀವು ಬಂದದ್ದು ಚಲೋನಽ ಆತು" ಎಂದೆ.

"ಪಗಾರ ಬ್ಯಾಡ್ರಿ" ಎಂದ. ನಮ್ಮ ಮನೆಯ ದುಃಖಕ್ಕೆ ಮರುಗಿ ಹೇಳುತ್ತಿದ್ದಾನೆ ಎಂದುಕೊಂಡು ನನಗೆ ಕಣ್ಣು ತುಂಬಿ ಬಂತು.

ಬಣ್ಣ ತೆಗೆಯುವುದೆಂದರೆ ನಾಲ್ಕು ದಿನದ ಕೆಲಸ ಎಂದು ನಾನು ತಿಳಿದಿದ್ದೆ. ತಗಡಿನ ಮೇಲಿನ ಬಣ್ಣಕ್ಕೆ ಔಷಧಿ ಎಣ್ಣೆ ಸವರಿದರೆ ಉಬ್ಬಿ ಸುಲಿದು ಬರುವುದನ್ನು ಅವನ ಶೆಡ್ಡಿನಲ್ಲಿಯೇ ನೋಡಿದ್ದೆ. ಇಲ್ಲಿ ಅವನು ಡಬ್ಬಿ ತೆರೆಯಲೇ ಇಲ್ಲ. "ಇದು ಫೈಬರ್ ಐತ್ರಿ. ಆ ಎಣ್ಣಿ ಹಚ್ಚಿದ್ರ ಬಣ್ಣದ ಕೂಡ ದೋಣೀನೂ ಮೆತ್ತಗಾಗತೈತಿ. ಬೆಂಕಿ ತೋರಿಸೂದಂತೂ ಇಲ್ಲವಽ ಇಲ್ಲ. ಕೈಯಿಂದಽ ಕೆರೀಬೇಕು" ಎಂದ. ಮೂಲೆಗಳನ್ನು ಕಲ್ಲಿಗೆ ಉಜ್ಜಿ ದುಂಡು ಮಾಡಿದ ಪಟ್ಟಿಯೊಂದು, ಬಕೆಟ್ಟಿನ ತುಂಬ ನೀರು, ಉಜ್ಜುವ ಕಾಗದದ ಕಟ್ಟು. ಇಷ್ಟೇ ಅವನ ಸಾಮಾನು. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಬೆಳಗಿನಿಂದ ಸಂಜೆಯವರೆಗೆ ಕೆರೆಯುತ್ತಿದ್ದ.

ಮೇಲಿನ ಹಸಿರು ಪದರುಪದರಾಗಿ ಎದ್ದಿತು. ಅದರ ಕೆಳಗೆ ನೀಲಿ. ನೀಲಿಯ ಕೆಳಗೆ ಯಾವ ಕಾಲದ್ದೋ ಬಿಳಿ, ಅದರ ಮೇಲೆ ಮಾಸಿದ ಕೆಂಪು ಪಟ್ಟೆ. ಎಲ್ಲಕ್ಕಿಂತ ಕೆಳಗೆ ಬೂದು ಬಣ್ಣದ ಫೈಬರು, ನೇಯ್ದ ಬಟ್ಟೆಯ ಎಳೆ ಕಾಣುವಂತೆ. ಅದರ ಪುಡಿ ಗಾಜಿನ ಪುಡಿ. ಮುಂಗೈ, ಕುತ್ತಿಗೆ ಎಲ್ಲ ಕೆಂಪಾಗಿ ಕೆರೆತ ಹತ್ತುತ್ತಿತ್ತು. ಸಂಜೆ ಬಾವಿಯ ಹತ್ತಿರ ಕೂತು ತಣ್ಣೀರು ಸುರಿದುಕೊಳ್ಳುತ್ತಿದ್ದ. ಅವನು ನಮ್ಮ ಮನೆಯ ನೀರನ್ನು ಕುಡಿಯುತ್ತಿರಲಿಲ್ಲ. ರೋಣದಿಂದ ಬಾಟಲಿಯಲ್ಲಿ ತರುತ್ತಿದ್ದ. ಅವ್ವ ಎರಡು ವರ್ಷದ ಮೇಲೆ ಹಿತ್ತಿಲ ಬಾಗಿಲು ತೆರೆದು, "ಬಿಸಿ ರೊಟ್ಟಿ ಅದಾವಪ, ಉಣ್ಣು ಬಾ" ಎಂದು ದಿನವೂ ಕರೆಯುತ್ತಿದ್ದಳು. "ಬ್ಯಾಡ್ರಿ ಯವ್ವ, ಬುತ್ತಿ ತಂದೀನಿ" ಎಂದು ದಿನವೂ ತಲೆ ತಗ್ಗಿಸುತ್ತಿದ್ದ. ಏನೋ ಹರಕೆ ಇರಬೇಕು ಎಂದು ಅವ್ವ ಸುಮ್ಮನಾದಳು.

ಒಂದು ವಿಚಿತ್ರ ನನ್ನ ಗಮನಕ್ಕೆ ಬಂದಿತ್ತು. ಎರಡೂ ಮಗ್ಗುಲು, ಮೂತಿ, ಅಂಚು ಎಲ್ಲ ಮುಗಿದರೂ ತಳದ ಹಿಂಭಾಗದಲ್ಲಿ ಒಂದು ಚಾಪೆಯಷ್ಟು ಜಾಗವನ್ನು ಅವನು ಮುಟ್ಟಿರಲಿಲ್ಲ. ಅಲ್ಲಿ ಹಳೆಯ ಕೆಸರು ಒಣಗಿ ಹೆಪ್ಪುಗಟ್ಟಿತ್ತು. ಅದರ ಸುತ್ತ ಬೆರಳಗಲದಷ್ಟೇ ಹತ್ತಿರ ಬಂದು ಕೈ ತೆಗೆಯುತ್ತಿದ್ದ. ಮುಗಿಸಿದ್ದನ್ನೇ ಮತ್ತೆ ಉಜ್ಜುತ್ತಿದ್ದ.

"ಸಾಬ್ರ, ಅಣೆಕಟ್ಟು ತುಂಬಾಕ ಬಂದೈತಂತ. ಯಾವಾಗ ಬಾಗಲಾ ತಗೀತಾರೋ ಗೊತ್ತಿಲ್ಲ. ಲಗೂ ಮುಗಸ್ರಿ" ಎಂದು ನಾನು ಅವಸರಪಡಿಸಿದೆ.

"ಹೂನ್ರಿ, ಇವತ್ತಽ ಮಾಡತೀನಿ" ಎಂದ. ಆ ದಿನವೂ ಮಾಡಲಿಲ್ಲ. ಮರುದಿನ ಇಡೀ ಮಧ್ಯಾಹ್ನ ಅದರ ಎದುರು ಕುಕ್ಕರಗಾಲಿನಲ್ಲಿ ಕೂತಿದ್ದನೆಂದು ಅವ್ವ ಹೇಳಿದಳು.

ಮೂರನೆಯ ದಿನ ಶಾಲೆಯ ಮಧ್ಯಾಹ್ನದ ಗಂಟೆ ಹೊಡೆದಾಗ ಬಾಗಿಲಲ್ಲಿ ದಾವಲಸಾಬ ನಿಂತಿದ್ದ. ಮೂಗಿನ ಬಟ್ಟೆ ಕತ್ತಿಗೆ ಜಾರಿತ್ತು. "ಬರ್ರಿ" ಎಂದ. ನಾನು ಅವನ ಹಿಂದೆ ಹಿತ್ತಿಲಿಗೆ ಹೋದೆ.

ಕೆಸರು ತೊಳೆದಿತ್ತು. ತಳದಲ್ಲಿ ಮೊಳದಷ್ಟು ಉದ್ದದ ಬಿರುಕು. ಅವನು ಅದರ ಪಕ್ಕದ ಇನ್ನೊಂದು ಬಿರುಕನ್ನು ಮೊದಲು ತೋರಿಸಿದ.

"ಇದು ಕಲ್ಲಿಗೆ ಬಡದು ಒಡದದ್ರಿ. ಅಂಚು ಬೆಳ್ಳಗೈತಿ, ನೋಡ್ರಿ. ಈಗ ಇದನ್ನ ನೋಡ್ರಿ. ಅಂಚು ಕರ್ರಗೈತಿ. ಹಳೇದು. ಒಳಗ ಈ ಗುಲಾಬಿ ಬಣ್ಣದ್ದು ಅಂಟೇತಲ್ಲ, ಇದು ಪುಟ್ಟಿ. ಟ್ರೇಲರಿನ ತಗ್ಗು ಮುಚ್ಚೂ ಪುಟ್ಟಿ. ನೀರಿಗೆ ತಡಿಯೂದಲ್ಲ. ನಡುವ ಇದ್ದದ್ದು ಕಿತಗೊಂಡು ಹೋಗೇತಿ."

"ಯಾರು ತುಂಬಿದ್ದು?" ಎಂದೆ.

"ನಾನಽ ರಿ."

ನನಗೆ ಕೇಳಿಸಿತು, ಅರ್ಥವಾಗಲಿಲ್ಲ. ಅವನೇ ಮುಂದುವರಿಸಿದ. ದಲಾಲಿ ದೋಣಿಯನ್ನು ಲಾರಿಯಲ್ಲಿ ತಂದು ಇಳಿಸಿದ್ದು ಅವನ ಶೆಡ್ಡಿನಲ್ಲಿ. ನಾಳೆ ಬೆಳಿಗ್ಗೆ ಹೊಸದರಂತೆ ಕಾಣಬೇಕು ಎಂದಿದ್ದ.

"ಬಿರುಕು ತೋರಿಸಿದೆ ರಿ. ಇದು ನೀರಿಗೆ ಹೋಗೂದಲ್ಲ, ತೋಟದಾಗ ಹುಡುಗರು ಹತ್ತಿ ಕುಂದ್ರಾಕ ಇಡತಾರ ಅಂದ. ಹೌದಽ ಅಂತ ಒಮ್ಮೆ ಕೇಳಿದೆ. ಹೌದು ಅಂದ. ಎರಡನೇ ಸಲ ಕೇಳಬೇಕಾಗಿತ್ತು. ಕೇಳಲಿಲ್ಲ. ಪುಟ್ಟಿ ತುಂಬಿ ಮ್ಯಾಲ ನೀಲಿ ಹೊಡದೆ. ಈರಣ್ಣಾವರ ಸುದ್ದಿ ಸಂತ್ಯಾಗ ಕೇಳಿದೆ. ಫೈಬರ್ ದೋಣಿ ಅಂದ್ರು. ಯಮನಪ್ಪ ಕುಡದಿದ್ದ ಅಂದ್ರು. ಹಂಗಽ ಇರಲಿ ದೇವರಽ, ಅಂವ ಕುಡದಿರಲಿ ಅಂತ ಎರಡು ವರ್ಷ ದುವಾ ಮಾಡೀನಿ ರಿ. ಇವತ್ತಿನತನಕ. ಪುಟ್ಟಿ ಗಟ್ಟಿ ಇದ್ದಿದ್ರ ಬಣ್ಣ ಹಚ್ಚಿ ಸುಮ್ಮನ ಹೋಗತಿದ್ದೆ."

ನಾನು ಅವನನ್ನು ಹೊಡೆದೆ. ಒಂದಲ್ಲ, ಎರಡು ಸಲ. ನನಗಿಂತ ಇಪ್ಪತ್ತು ವರ್ಷ ಹಿರಿಯ. ದೋಣಿಯ ಅಂಚಿಗೆ ಹೋಗಿ ಬಿದ್ದ, ಹುಬ್ಬಿನ ಮೇಲೆ ರಕ್ತ ಬಂತು. ಅವನು ಕೈ ಅಡ್ಡ ತರಲಿಲ್ಲ.

"ಇನ್ನೂ ಹೊಡೀರಿ ಮಾಸ್ತರ್ರ. ಸ್ಟೇಷನ್ನಿಗೆ ಕರಕೊಂಡ ಹೋಗ್ರಿ. ಆದ್ರ ದೋಣಿ ಮುಗಸಾಕ ಬಿಡ್ರಿ. ಒಂದು ವಾರ ಕೊಡ್ರಿ ನನಗ. ಒಂದು ವಾರ."

ಸದ್ದು ಕೇಳಿ ಅವ್ವ ಬಂದು ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಅವಳು ನೆಲದ ಮೇಲೆ ಬಿದ್ದವನನ್ನು ಬಹಳ ಹೊತ್ತು ನೋಡಿದಳು.

"ನಿನಗ ಮಕ್ಕಳದಾರೇನಪ?"

"ಇಬ್ಬರು ಹೆಣ್ಣಮಕ್ಕಳ್ರಿ ಯವ್ವ."

ಅವ್ವ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಮೇಲೆ ಅವಳು ಅವನೊಡನೆ ಮಾತಾಡಲಿಲ್ಲ. ನನ್ನೊಡನೆಯೂ ಎರಡು ದಿನ ಮಾತಾಡಲಿಲ್ಲ.

ಸಿಟ್ಟು ಇಳಿದದ್ದೇ ಯಮನಪ್ಪನ ಅಳು ನೆನಪಾಯಿತು. ಯಮನಪ್ಪ ಸುಳ್ಳು ಹೇಳಿರಲಿಲ್ಲ. ಕಟ್ಟೆಯ ಮೇಲೆ ನಾನು ಆಡಿದ ಮಾತು ಅವನನ್ನು ಊರು ಬಿಡಿಸಿತ್ತು. ಅವನ ಹತ್ತಿರ ಹೋಗುವ ಮಾತನ್ನು ದಾವಲಸಾಬನೇ ಮೊದಲು ಆಡಿದ. "ಶಿರೋಳಕ್ಕ ಹೋಗೂಣ್ರಿ. ನಾನಽ ಹೇಳತೀನಿ. ನೀವು ಬರೇ ಮನಿ ತೋರಿಸ್ರಿ."

ಮರುದಿನ ಇಬ್ಬರೂ ಒಂದೇ ಬಸ್ಸಿನಲ್ಲಿ, ಬೇರೆ ಬೇರೆ ಸೀಟಿನಲ್ಲಿ ಕೂತು ಹೋದೆವು. ಯಮನಪ್ಪ ತಂಗಿಯ ಮನೆಯ ಅಂಗಳದಲ್ಲಿ ಹೆಸರುಕಾಯಿ ಬಡಿಯುತ್ತಿದ್ದ. ತೆಳ್ಳಗಾಗಿದ್ದ. ನನ್ನನ್ನು ಕಂಡು ಕೋಲು ಹಿಡಿದೇ ನಿಂತ. ಕೂರಿ ಎಂದು ಅವನ ತಂಗಿ ಕಂಬಳಿ ಹಾಸಿದರೂ ದಾವಲಸಾಬ ಕೂರಲಿಲ್ಲ. ನಿಂತುಕೊಂಡೇ, ಹಿಂದಿನ ದಿನ ನನಗೆ ಹೇಳಿದ್ದನ್ನು ಒಂದು ಮಾತೂ ಬಿಡದೆ ಹೇಳಿದ. ತಾನು ದುವಾ ಮಾಡಿದ್ದನ್ನೂ ಹೇಳಿದ.

ಯಮನಪ್ಪ ಕೋಲು ಕೆಳಗಿಟ್ಟ. "ಎರಡು ವರ್ಷದಿಂದ ನಾ ಹೊಲದಿಂದ ಮನಿಗೆ ಬಂದ್ರ ನನ್ನ ಹೆಣ್ತಿ ನನ್ನ ಬಾಯಿ ಮೂಸಿ ನೋಡತಾಳ" ಎಂದ. "ಆ ದಿವಸದಿಂದ ನಾ ಒಂದು ತೊಟ್ಟು ಮುಟ್ಟಿಲ್ಲ. ಆದ್ರೂ ಮೂಸತಾಳ. ಆಕಿಗೂ ನಂಬಿಕಿಲ್ಲ. ಎಲ್ಲಿದ್ದೀಯೋ ಸಾಬ ನೀ ಇಲ್ಲೀತನಕ?"

ಯಮನಪ್ಪ ನನ್ನ ಕಡೆ ತಿರುಗಿದ. "ನೀವೂ ಅಂದಿದ್ರಿ ಮಾಸ್ತರ್ರ."

"ಅಂದಿದ್ದೆ ಯಮನಪ್ಪ. ತಪ್ಪಾತು."

"ಹೋಗಿ ಬರ್ರಿ" ಎಂದಷ್ಟೇ ಹೇಳಿ ಅವನು ಮತ್ತೆ ಹೆಸರುಕಾಯಿ ಬಡಿಯತೊಡಗಿದ. ನಾವು ಓಣಿಯ ಕೊನೆ ಮುಟ್ಟುವವರೆಗೂ ಆ ಸದ್ದು ನಿಲ್ಲಲಿಲ್ಲ.

ಆ ಸಂಜೆ ಗುಡಿಯ ಕಟ್ಟೆಯ ಮುಂದೆ ದಾವಲಸಾಬ ಮೂರನೆಯ ಸಲ ಅದೇ ಮಾತು ಹೇಳಿದ. ಅವನ ನಂತರ ನಾನೂ ಎದ್ದು ನಿಂತು ನನ್ನ ಮಾತು ಹಿಂದಕ್ಕೆ ತೆಗೆದುಕೊಂಡೆ. ಕೆಲವರು ಪೊಲೀಸರಿಗೆ ಹೇಳೋಣ ಎಂದರು. ಕೆಲವರು ಅವನ ಡಬ್ಬಿ ಹೊಳೆಗೆ ಎಸೆಯಿರಿ ಎಂದರು. ಹಿರಿಯರು ಕೊನೆಗೆ, ಮನೆಯವರು ಏನನ್ನುತ್ತಾರೋ ಅದೇ ಆಗಲಿ ಎಂದು ನನ್ನ ಮುಖ ನೋಡಿದರು. "ದೋಣಿ ಮುಗಸಲಿ" ಎಂದೆ. ಕರುಣೆಯಿಂದ ಹೇಳಿದ್ದಲ್ಲ. ಅವನು ಎದುರಿಗೆ ಬಿದ್ದು ದುಡಿಯುವುದನ್ನು ನೋಡಬೇಕು ಅನ್ನಿಸಿತ್ತು.

ಆ ವಾರ ಅವನು ದುಡಿದ ರೀತಿಯನ್ನು ನಾನು ಮರೆಯಲಾರೆ. ಹುಬ್ಬಳ್ಳಿಗೆ ಹೋಗಿ ಫೈಬರಿನ ಬಟ್ಟೆ, ಅದನ್ನು ಅಂಟಿಸುವ ರಾಳ, ರಾಳ ಗಟ್ಟಿಯಾಗಿಸುವ ಔಷಧಿ ತಂದ. ಆ ರಾಳಕ್ಕೆ ಪಸೆ ಆಗಿಬರುವುದಿಲ್ಲ. ದಿನವೂ ಜಿನುಗುಮಳೆ. ತಾಡಪತ್ರಿ ಕಟ್ಟಿದ, ಗಾಳಿಗೆ ಅದು ಹಾರಿಹೋಯಿತು, ಮತ್ತೆ ಕಟ್ಟಿದ. ಬಿರುಕಿನ ಎರಡೂ ಅಂಚುಗಳನ್ನು ಒಂದು ಗೇಣು ಅಗಲಕ್ಕೆ ಉಜ್ಜಿ ತೆಳುವು ಮಾಡಿ, ಒಂದರ ಮೇಲೊಂದು ಬಟ್ಟೆಯ ತುಂಡು ಇಟ್ಟು ರಾಳದಲ್ಲಿ ತೋಯಿಸಿ ಕೂರಿಸಿದ. ಮೊದಲ ಸಲ ಹಾಕಿದ್ದು ಪಸೆಗೆ ಬೆಳ್ಳಗಾಗಿ ಬಿಟ್ಟುಕೊಂಡಿತು. ಆಗ ಅವನು ಬೇವಿನ ಬೊಡ್ಡೆಗೆ ಹಣೆ ಇಟ್ಟು ದನಿ ತೆಗೆದು ಅತ್ತ. ಅತ್ತು, ಮುಖ ತೊಳೆದುಕೊಂಡು, ಅಷ್ಟನ್ನೂ ಕೆರೆದು ತೆಗೆದು ಮೊದಲಿನಿಂದ ಶುರು ಮಾಡಿದ. ಬೆರಳ ತುದಿಗಳು ಒಡೆದು ಕಾಗದದ ಮೇಲೆಲ್ಲ ರಕ್ತದ ಕಲೆ. ಕೆಮ್ಮು ಹತ್ತಿತ್ತು. ಎರಡು ದಿನ ನಾನು ದೂರ ನಿಂತು ನೋಡಿದೆ. ಮೂರನೆಯ ದಿನ ಹೋಗಿ ತಾಡಪತ್ರಿಯ ತುದಿ ಹಿಡಿದು ನಿಂತೆ.

ಹೊರಗೆಲ್ಲ ಬಿಳಿ ಬಣ್ಣ ಹಚ್ಚಿದ. ಒಳಗಿನ ತಳದಲ್ಲಿ ಮಾತ್ರ, ಆ ತೇಪೆಯ ಜಾಗವನ್ನು ಬೋಳಾಗಿ ಬಿಟ್ಟ. "ಇಲ್ಲಿ ಹಚ್ಚಾಂಗಿಲ್ರಿ. ಕುಂತವರಿಗೆ ಕಾಣಲಿ" ಎಂದ.

ಬಣ್ಣ ಒಣಗಿದ ಮರುದಿನವೇ ಅಣೆಕಟ್ಟಿನ ನೀರು ಬಂತು. ಮಧ್ಯಾಹ್ನದ ಹೊತ್ತಿಗೆ ಬಾಂದಾರ ಮುಳುಗಿತು. ದೋಣಿಯನ್ನು ನೀರಿಗೆ ತಳ್ಳಿ ಊರೆಲ್ಲ ದಂಡೆಯಲ್ಲಿ ನಿಂತಿತ್ತು. ಹತ್ತಲು ಯಾರಿಗೂ ಧೈರ್ಯವಿರಲಿಲ್ಲ. ಈಜು ಬಾರದ ದಾವಲಸಾಬ ಚಪ್ಪಲಿ ಬಿಟ್ಟು ಹತ್ತಿ ಕೂತ. ಹುಟ್ಟು ಹಾಕುವವರು ಯಾರೆಂದು ಮುಖ ಮುಖ ನೋಡಿಕೊಳ್ಳುವಾಗ ಜನರ ಹಿಂದಿನಿಂದ ಯಮನಪ್ಪ ಬಂದ. ಯಾವಾಗ ಊರಿಗೆ ಬಂದಿದ್ದನೋ ತಿಳಿಯದು. ಯಾರನ್ನೂ ಮಾತಾಡಿಸದೆ ಹುಟ್ಟು ಎತ್ತಿಕೊಂಡ. ನಾನೂ ಹತ್ತಿದೆ.

ಕೆಂಪು ನೀರು ಸುತ್ತು ಹೊಡೆಯುತ್ತಿತ್ತು. ದಾವಲಸಾಬ ಹಲಗೆಯ ಮೇಲೆ ಕೂರಲಿಲ್ಲ. ಮಂಡಿಯೂರಿ, ಎರಡೂ ಅಂಗೈಗಳನ್ನು ಆ ಬೋಳು ತೇಪೆಯ ಮೇಲೆ ಒತ್ತಿ ಇಟ್ಟಿದ್ದ. ತುಟಿ ಅಲುಗುತ್ತಿತ್ತು. ನಡುಹೊಳೆಯಲ್ಲಿ ಸೆಳವು ದೋಣಿಯನ್ನು ಅಡ್ಡ ತಿರುಗಿಸಿದಾಗ ಅವನು ಕಣ್ಣು ಮುಚ್ಚಿದ. ಕೈ ತೆಗೆಯಲಿಲ್ಲ. ಆಚೆ ದಂಡೆ ಮುಟ್ಟಿ, ತಿರುಗಿ ಈಚೆ ಬಂದೆವು. ಅವನ ಅಂಗೈ ಒಣಗಿತ್ತು. ಅದನ್ನು ಯಮನಪ್ಪನಿಗೆ ತೋರಿಸಿದ. ಯಮನಪ್ಪ ನೋಡಿದ, ಹುಟ್ಟನ್ನು ದೋಣಿಯಲ್ಲಿಟ್ಟು ನಡೆದುಬಿಟ್ಟ.

ಅದೇ ಸಂಜೆಯ ಬಸ್ಸಿಗೆ ದಾವಲಸಾಬ ಹೊರಟ. ಹತ್ತುವ ಮೊದಲು ನನ್ನ ಎದುರು ಒಂದು ಕ್ಷಣ ನಿಂತ. ಏನೋ ಕೇಳಬೇಕೆಂದಿದ್ದ. ನಾನು ಮುಖ ತಿರುಗಿಸಿ ಹೊಳೆ ನೋಡಿದೆ. ನಾನು ಅವನನ್ನು ಕಂಡದ್ದು ಅದೇ ಕೊನೆ.

ಯಮನಪ್ಪ ಊರಿಗೆ ಮರಳಿದ. ದೋಣಿ ಮೂರು ಮಳೆಗಾಲ ನಡೆಯಿತು. ರೋಣದ ಸಂತೆಗೆ ಹೋದವರು ಪ್ರತಿಸಲ ಬಂದು ಹೇಳುತ್ತಿದ್ದರು: "ಸಾಬ ಸಿಕ್ಕಿದ್ದ ಮಾಸ್ತರ್ರ. ದೋಣಿ ಹ್ಯಾಂಗೈತಿ, ತಳ ಒಣಗೇತೇನು, ಮಾಸ್ತರ್ರು ಏನರೆ ಅಂದ್ರೇನು ಅಂತ ಕೇಳಿದ." ನಾನು ಹೂಂ ಅನ್ನುತ್ತಿದ್ದೆ. ಒಂದು ಮಾತನ್ನೂ ಹೇಳಿ ಕಳಿಸಲಿಲ್ಲ. ನಾನೇ ಹತ್ತಾರು ಸಲ ರೋಣಕ್ಕೆ ಹೋಗಿ ಬಂದೆ. ಬಸ್‌ಸ್ಟ್ಯಾಂಡಿನ ಹಿಂದಿನ ದಾರಿ ಹಿಡಿಯಲಿಲ್ಲ. ಅಣ್ಣನನ್ನು ಕೊಂದವನು ಎಂದುಕೊಳ್ಳುತ್ತಿದ್ದೆ. ಹಾಗೆಂದುಕೊಂಡಾಗಲೆಲ್ಲ ಶಾಲೆಯ ಗೋಡೆಯ ಹೊಳೆ ಕಣ್ಣಿಗೆ ಬಿದ್ದು ಇನ್ನಷ್ಟು ಸಿಟ್ಟು ಬರುತ್ತಿತ್ತು.

ಮೂರನೆಯ ವರ್ಷ, ಮಳೆಗಾಲ ಮುಗಿಯಿತು ಎನ್ನುವಾಗ, ಎಂದೂ ಕಾಣದ ಮಳೆ ಹಿಡಿಯಿತು. ಹಗಲು ರಾತ್ರಿ ಬಿಡಲಿಲ್ಲ. ಮೂರನೆಯ ಬೆಳಿಗ್ಗೆ ಹೊಳೆ ಊರೊಳಗೆ ಬಂತು. ಅವ್ವನನ್ನು ಹೊತ್ತು ಮಾಳಿಗೆ ಹತ್ತಿದೆ. ಓಣಿಯಲ್ಲಿ ದನಗಳು, ಹಗೇವಿನ ಜೋಳ, ತೊಟ್ಟಿಲು ತೇಲಿ ಹೋಗುವುದನ್ನು ನೋಡುತ್ತ, ಕಾಲ ಕೆಳಗಿನ ಮಣ್ಣು ಕುಸಿಯುವುದನ್ನು ಕಾಯುತ್ತ ಕೂತಿದ್ದೆವು. ಅವ್ವ ನನ್ನ ಕೈ ಹಿಡಿದು, "ಈರಣ್ಣಗ ಹಿಂಗಽ ಆಗಿರಬೇಕಲ್ಲೋ" ಎಂದಳು. ಆಗ ಯಮನಪ್ಪ ಬಂದ. ನಮ್ಮ ಓಣಿಯ ಮಾಳಿಗೆಗಳಿಂದ ಬಾಣಂತಿಯರನ್ನು, ಮುದುಕರನ್ನು, ಎಲ್ಲರನ್ನೂ ಸಂಜೆಯವರೆಗೆ ದಿನ್ನೆಯ ಮೇಲಿನ ಶಾಲೆಗೆ ಸಾಗಿಸಿದ. ಗೋಡೆ, ಗಿಡ, ತೊಲೆ, ಎಲ್ಲದಕ್ಕೂ ದೋಣಿ ಬಡಿಯಿತು. ನಾನು ಅವ್ವನನ್ನು ತಬ್ಬಿ ತಳದಲ್ಲಿ ಕೂತಿದ್ದೆ. ನನಗೆ ತಿಳಿಯದೆಯೇ ಕೈ ಆ ಬೋಳು ತೇಪೆಯ ಮೇಲೆ ಹೋಗಿತ್ತು. ಮಳೆಯ ನೀರನ್ನು ಮೊಗೆದು ಚೆಲ್ಲಿ ಮತ್ತೆ ಮತ್ತೆ ಮುಟ್ಟಿ ನೋಡಿದೆ. ಕೆಳಗಿನಿಂದ ಒಂದು ಹನಿ ಬರಲಿಲ್ಲ.

ಶಾಲೆಯಲ್ಲಿ ಅವ್ವ ಬಟ್ಟೆ ಹಿಂಡಿಕೊಳ್ಳುತ್ತ, "ಆ ಸಾಬಗ ಹೇಳಿ ಬಾ" ಎಂದಳು. ಹೆಸರಿಲ್ಲದೆ ಹೇಳಿದರೂ ಯಾರೆಂದು ತಿಳಿಯಿತು.

ದಾರಿ ಬಿಡಲು ಎಂಟು ದಿನ ಹಿಡಿಯಿತು. ರೋಣದಲ್ಲಿ ಅವನ ಓಣಿ ಕೇಳಿಕೊಂಡು ಹೋದೆ. ಮಣ್ಣಿನ ಮಾಳಿಗೆಯ ಮನೆಗಳು ಸಾಲಾಗಿ ಕುಸಿದು ಕೂತಿದ್ದವು. ಒಂದರ ಎದುರು, ನೆರೆಮನೆಯ ಕಟ್ಟೆಯ ಮೇಲೆ ಅವನ ಹೆಂಡತಿ ಮಾಬೂಬಿ ಕೂತಿದ್ದಳು.

"ನೀವು ಹೊಳಿ ಊರ ಮಾಸ್ತರೇನ್ರಿ?" ಎಂದು ಅವಳೇ ಕೇಳಿದಳು. "ನಿಮ್ಮ ಮಾತು ಭಾಳ ಹೇಳತಿದ್ರು."

ಮಳೆಯ ಮೂರನೆಯ ದಿನ ತೊಲೆಗಳು ಬಾಗಿದವಂತೆ. ಅವಳನ್ನು ಹೊರಗೆ ಕಳಿಸಿ, ಬ್ರಶ್ಶಿನ ಡಬ್ಬಿ ತರುತ್ತೇನೆಂದು ಅವನು ಒಳಗೆ ಹೋದನಂತೆ. ಮಣ್ಣು ತೆಗೆಯಲು ಅರ್ಧ ದಿನ ಬೇಕಾಯಿತಂತೆ. ಅವಳು ಇದನ್ನು ಅಳದೆ ಹೇಳಿದಳು. ಆಮೇಲೆ ಕೇಳಿದಳು:

"ಮಳಿ ಹಿಡದಾಗಿಂದ ಒಂದಽ ಹಚ್ಚಿದ್ರು ರಿ, ದೋಣಿ ನೀರಿಗೆ ಇಳದಿರಬೇಕು, ಏನಾತೋ ಏನೋ ಅಂತ. ಏನಾತ್ರಿ ದೋಣಿ?"

ನಾನು ಹೇಳಿದೆ. ನಮ್ಮ ಓಣಿ, ಬಾಣಂತಿಯರು, ನಮ್ಮವ್ವ, ಒಂದು ಹನಿಯೂ ಬಾರದ ತಳ, ಎಲ್ಲವನ್ನೂ ಹೇಳಿದೆ. ಅವಳು ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು ಪೂರ್ತಿ ಕೇಳಿದಳು.

"ಇದನ್ನ ಅವರಿಗೆ ಹೇಳಾಕ ಬಂದಿದ್ರೇನ್ರಿ?"

"ಹೌದ್ರಿ."

"ಹ್ವಾದ ವರ್ಷ ಬಂದಿದ್ರೂ ನಡೀತಿತ್ರಿ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಹ್ವಾದ ವರ್ಷಾನೂ ಹನಿ ನೀರು ಬಂದಿರಲಿಲ್ಲಲ್ರಿ?"

ಇಲ್ಲ ಎಂದು ತಲೆಯಾಡಿಸಿದೆ. ಹಿಂದಿನ ವರ್ಷವೂ ಬಂದಿರಲಿಲ್ಲ. ಅದರ ಹಿಂದಿನ ವರ್ಷವೂ ಬಂದಿರಲಿಲ್ಲ.